ಸೆರಾಮಿಕ್ ರೆಸಿಡೆನ್ಸಿಗೆ ಹೊರಟಿದ್ದೀರಾ? ಮೊದಲು ಸುಡುವ ಗೂಡಿನ ದಿನ ಕೇಳಿ

ಮಾರ್ಚ್ ಮಧ್ಯದಿಂದ ಎಂಟು ವಾರ ನ್ಯೂಯಾರ್ಕ್ ರಾಜ್ಯದ ಯೂನಿವರ್ಸಿಟಿ ಸ್ಟುಡಿಯೊದಲ್ಲಿ ಉಳಿದು ಮಣ್ಣಿನ ಕೆಲಸ ಮಾಡುವ ಅವಕಾಶ ಸಿಕ್ಕಿದೆ ಅಂದಿರಿ, ತುಂಬಾ ಖುಷಿ. ಆದರೆ ‘ಆರು ವಾರ ದೊಡ್ಡ ಜಾಡಿ ಮಾಡಿ, ಕೊನೆಗೆ ಒಟ್ಟಿಗೇ ಸುಡುತ್ತೇನೆ’ ಅನ್ನೋ ಪ್ಲಾನ್ ಬೇಡವೇ ಬೇಡ. ನಾನೂ ಒಮ್ಮೆ ಹೀಗೇ ಮಾಡಿ, ಅರ್ಧ ಕೆಲಸ ಬಿಸ್ಕ್‌ನಲ್ಲೇ, ಅಂದರೆ ಗ್ಲೇಜ್ (ಗಾಜಿನಂಥ ಲೇಪ) ಇಲ್ಲದ ಮೊದಲ ಸುಡುವಿಕೆಯಲ್ಲೇ, ಉಳಿಯಿತು.

ಮೇ ಅಂದರೆ ಸೆಮಿಸ್ಟರ್ ಮುಗಿಯುವ ಹೊತ್ತು. ಪದವಿ ಮುಗಿಸುವ ಮಕ್ಕಳ ಕೆಲಸವೆಲ್ಲ ಗೂಡಿನ ಮುಂದೆ ಸಾಲು ನಿಂತಿರುತ್ತದೆ. ನಿಮಗೆ ಜಾಗ ಎಲ್ಲಿ ಸಿಗಬೇಕು? ಕೊನೆಯ ಗ್ಲೇಜ್ ಗೂಡು ಯಾವತ್ತು ಅಂತ ಟೆಕ್ನಿಶಿಯನ್‌ಗೆ ಇವತ್ತೇ ಮೇಲ್ ಹಾಕಿ, ಅಲ್ಲಿಂದ ಹಿಂದಕ್ಕೆ ಎಣಿಸಿ. ದಪ್ಪ ಜಾಡಿ ಒಣಗಲು ಎರಡು ವಾರ, ಬಿಸ್ಕ್‌ಗೆ ಒಂದು, ಗ್ಲೇಜ್‌ಗೆ ಒಂದು. ಮಾಡಲು ಉಳಿಯುವುದು ನಾಲ್ಕೇ ವಾರ.

ಅದರಲ್ಲೂ ಮೊದಲ ವಾರ ಬರೀ ಟೆಸ್ಟ್‌ಗೆ ಮಣ್ಣಿನ ಪಟ್ಟಿಗಳನ್ನು ಮಾಡಿ. ಅಲ್ಲಿನ ಮಣ್ಣಿನಲ್ಲಿ 14 ಸೆಂ.ಮೀ. ಉದ್ದದ ಪಟ್ಟಿ ಕತ್ತರಿಸಿ, ಹಸಿ ಇರುವಾಗಲೇ ಸೂಜಿಯಿಂದ ಸರಿಯಾಗಿ 100 ಮಿ.ಮೀ. ಗೆರೆ ಎಳೆಯಿರಿ. ಒಣಗಿದಾಗ, ಬಿಸ್ಕ್ ಆದಾಗ, ಗ್ಲೇಜ್ ಬಿಸಿ ಕಂಡ ಮೇಲೆ ಅಳೆಯಿರಿ. ಗೆರೆ 88ಕ್ಕೆ ಇಳಿದಿದ್ದರೆ 12 ಶೇಕಡಾ ಕುಗ್ಗಿದೆ ಅಂತ. ಒಂದು ಪಟ್ಟಿಯನ್ನು ಎರಡು ಇಟ್ಟಿಗೆ ತುಂಡಿನ ಮೇಲೆ ಸೇತುವೆಯ ಹಾಗೆ ಇಟ್ಟು ಸುಡಿ. ನಡು ಜೋತುಬಿದ್ದರೆ ಆ ಮಣ್ಣಿನಲ್ಲಿ ಅಗಲ ಭುಜದ ಜಾಡಿ ನಿಲ್ಲೋದು ಕಷ್ಟ. ಸುಟ್ಟ ಪಟ್ಟಿಯನ್ನು ತೂಗಿ, ನೀರಲ್ಲಿ ಚೆನ್ನಾಗಿ ಕುದಿಸಿ, ಒರೆಸಿ ಮತ್ತೆ ತೂಗಿ. 100 ಗ್ರಾಂ ಇದ್ದದ್ದು 103 ಆದರೆ ಅಷ್ಟು ನೀರು ಹೀರಿದೆ ಅಂತ, ನನ್ನ ಪ್ರಕಾರ ಊಟದ ಪಾತ್ರೆಗೆ ಅದು ಸಾಲದು.

ಖಾನಾಪುರದ ಕೆಂಪು ಮಣ್ಣು ಒಯ್ಯುವ ಆಸೆ ಬಿಡಿ. ಅಮೆರಿಕದೊಳಗೆ ಹೊರದೇಶದ ಮಣ್ಣು ತರೋಕೆ ನಿಯಮ ಬಿಗಿ. ಒಯ್ದರೂ ಕೋನ್ (ಗೂಡಿನ ಬಿಸಿಯ ಅಳತೆ) 10ರಲ್ಲಿ, ಅಂದರೆ 1300 ಡಿಗ್ರಿಯ ಆಸುಪಾಸಿನಲ್ಲಿ, ಅದು ಉಬ್ಬಿ ಕರಗಿ ಗೂಡಿನ ಶೆಲ್ಫಿಗೆ ಅಂಟುತ್ತದೆ. ಇನ್ನೊಬ್ಬರ ಶೆಲ್ಫ್ ಹಾಳು ಮಾಡಿ ಬರಬೇಡಿ. ಆ ಬಣ್ಣವೇ ಬೇಕಿದ್ದರೆ ಅಲ್ಲಿನದೇ ಕಬ್ಬಿಣ ಜಾಸ್ತಿ ಇರುವ ಮಣ್ಣನ್ನು ಸ್ಲಿಪ್ (ನೀರಲ್ಲಿ ಕದಡಿದ ತೆಳು ಮಣ್ಣು) ಮಾಡಿ ಹಚ್ಚಿ. ಹಿಂದೆ ಅದೇ ರಾಜ್ಯದ ಆಲ್ಬನಿ ಸ್ಲಿಪ್ ಹಾಗೇ ಕರಗಿ ಕಂದು ಗ್ಲೇಜ್ ಆಗುತ್ತಿತ್ತು.

ಗ್ಲೇಜ್ ಮಾಡುವ, ಲೇಬಲ್ ಇಲ್ಲದ ಬಿಳಿ ಪುಡಿ ಪೊಟ್ಟಣಗಳನ್ನು ಕಸ್ಟಮ್ಸ್‌ನಲ್ಲಿ ಏನಂತ ವಿವರಿಸುತ್ತೀರಿ? ರೆಸಿಪಿ ಮಾತ್ರ ಒಯ್ಯಿರಿ. ಬ್ರಿಟಿಷ್ ಕುಂಬಾರ ಬರ್ನಾರ್ಡ್ ಲೀಚ್ ಹೆಸರಿನ 4-3-2-1 ಗ್ಲೇಜ್ ಸಾಕು: ಪೊಟ್ಯಾಶ್ ಫೆಲ್ಡ್‌ಸ್ಪಾರ್ 40, ಸಿಲಿಕಾ 30, ವೈಟಿಂಗ್ (ಸುಣ್ಣಕಲ್ಲಿನ ಪುಡಿ) 20, ಕಯೊಲಿನ್ (ಬಿಳಿ ಜೇಡಿ) 10. ಒಂದು ಶೇಕಡಾ ಕೆಂಪು ಐರನ್ ಆಕ್ಸೈಡ್ ಸೇರಿಸಿ ರಿಡಕ್ಷನ್‌ನಲ್ಲಿ (ಆಮ್ಲಜನಕ ಕಡಿಮೆ ಇರುವ ಬೆಂಕಿಯಲ್ಲಿ) ಸುಟ್ಟರೆ ತಿಳಿ ಸೆಲಡಾನ್, ಅಂದರೆ ಹಸಿರು ಛಾಯೆಯ ಗ್ಲೇಜ್. ಆದರೂ ಅಲ್ಲಿನ ಫೆಲ್ಡ್‌ಸ್ಪಾರ್ ಬೇರೆ, ಪರೀಕ್ಷೆಗೆ ಟೈಲ್ ಮೇಲೆ ಹಚ್ಚಿ ಸುಡದೆ ಜಾಡಿಗೆ ಹಾಕಬೇಡಿ. ಆಮಾಕೊ, ಮೇಕೊ ಕಂಪನಿಗಳ ಸಿದ್ಧ ಗ್ಲೇಜ್ ಬಾಟಲಿ ಚೆನ್ನಾಗಿವೆ, ಆದರೆ ಕಡಿಮೆ ಬಿಸಿಯ ಕೋನ್ 6ರ ಗ್ಲೇಜ್ ಕೋನ್ 10ರ ಗೂಡಿಗೆ ಹೋದರೆ ಹರಿದು ಬುಡ ಸೇರುತ್ತದೆ. ಗೂಡಿನ ಕಂಟ್ರೋಲರ್ ಎಷ್ಟೇ ಹೊಸದಿರಲಿ, ಬಿಸಿಗೆ ಬಾಗಿ ಅದರ ಮಟ್ಟ ತೋರಿಸುವ ಆರ್ಟನ್ ಕೋನ್ ಇಡದೆ ಗೂಡು ಮುಚ್ಚಬೇಡಿ.

ಅಲ್ಲಿ ಹೀಟರ್ ಗಾಳಿಗೆ ಪಾತ್ರೆಯ ಹಿಡಿಗಳು ಬೇಗ ಒಣಗಿ ಬಿರಿಯುತ್ತವೆ, ಪ್ಲಾಸ್ಟಿಕ್ ಸುತ್ತಿಡಿ. ಒಣ ಪಾತ್ರೆಯನ್ನು ಉಜ್ಜುವ ಅಭ್ಯಾಸ ನಿಮ್ಮ ಫೋಟೊದಲ್ಲಿ ಕಂಡಿತು, ಮಾಸ್ಕ್ ಕೂಡ ಇಲ್ಲ! ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರೋದಿಲ್ಲ. ಒದ್ದೆ ಸ್ಪಾಂಜ್ ಬಳಸಿ. ಇಲ್ಲಿನ ತಿಗರಿಯ ಮೋಟಾರು ಒಯ್ಯಬೇಡಿ, ಅಲ್ಲಿ 120 ವೋಲ್ಟ್. ಬಿಡುವಾದಾಗ ಆಲ್ಫ್ರೆಡ್ ಯೂನಿವರ್ಸಿಟಿಯ ಸೆರಾಮಿಕ್ ಮ್ಯೂಸಿಯಂ ನೋಡಿ ಬನ್ನಿ. 1900ರಿಂದ ಮಣ್ಣಿನ ಕೆಲಸ ಕಲಿಸುತ್ತಿರುವ ಊರು ಅದು.