ಮಾರ್ಕ 9 ಮತ್ತು ನಿಲ್ಲಿಸಿದ ಮಾತ್ರೆ

(ತಾಯಿಯ ಒಪ್ಪಿಗೆ ಪಡೆದು ಬರೆದದ್ದು. ಹೆಸರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಮೇರಿ ಎನ್ನೋಣ. ಗಂಡ ಸಕಲೇಶಪುರ ಕಡೆಯ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡುವ ರೈಟರ್. ಕ್ಯಾಥೊಲಿಕ್ ಮನೆತನ. ಪಿಯುಸಿ ಓದುವ ಮಗನಿಗೆ ಚಿಕ್ಕಂದಿನಿಂದ ಫಿಟ್ಸ್, ಮಾತ್ರೆಯಿಂದ ಹತೋಟಿಯಲ್ಲಿತ್ತು. ಮೇರಿ ಹೋಗುತ್ತಿದ್ದ ಮನೆ ಪ್ರಾರ್ಥನೆ ಕೂಟಕ್ಕೆ ಹೊರಗಿನಿಂದ ಬಂದ ಬೋಧಕರೊಬ್ಬರು ಬೈಬಲಿನಲ್ಲಿ ಮಾರ್ಕನ 9ನೇ ಅಧ್ಯಾಯ (ದುರಾತ್ಮ ಹಿಡಿದು ಬಿದ್ದು ಒದ್ದಾಡುವ ಹುಡುಗನನ್ನು ಯೇಸು ವಾಸಿಮಾಡುವ ಕಥೆ) ಓದಿ, ಹುಡುಗನ ತಲೆ ಮೇಲೆ ಕೈಯಿಟ್ಟು, "ಇದೂ ಅದೇ ದುರಾತ್ಮ. ಬಿಡುಗಡೆ ಆಯ್ತು. ಇನ್ನು ಮಾತ್ರೆ ಕೊಟ್ಟರೆ ದೇವರನ್ನು ಸಂದೇಹಪಟ್ಟ ಹಾಗೆ" ಅಂದರಂತೆ. ಮೇರಿ ಮಾತ್ರೆ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ಹುಡುಗ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಿದ್ದ. ಬೋಧಕರಿಗೆ ಫೋನ್ ಮಾಡಿದರೆ, "ನಿಮ್ಮ ವಿಶ್ವಾಸ ಸಾಲಲಿಲ್ಲ ಸಿಸ್ಟರ್."

ಆಪ್ತಸಮಾಲೋಚನೆಗೆಂದು ಬಂದು ನನ್ನ ಮುಂದೆ ಕೂತು ಮೇರಿ ಕೇಳಿದ್ದೂ ಅದನ್ನೇ: "ನಾನು ನಂಬಿದ್ದೇ ಕಮ್ಮಿ ಆಯ್ತಾ ಮೇಡಂ?"

ಮೊದಲು ಅವತ್ತೇ ನರರೋಗ ವೈದ್ಯರ ಹತ್ತಿರ ಕಳಿಸಿದೆ. ಫಿಟ್ಸ್ ಮಾತ್ರೆಯನ್ನು ಏಕಾಏಕಿ ನಿಲ್ಲಿಸಿದರೆ ಒಂದರ ಹಿಂದೊಂದು ಬಂದು ಜೀವಕ್ಕೇ ಅಪಾಯವಾಗಬಹುದು. ಬಿಡುವುದೇ ಆದರೂ ವರ್ಷಗಟ್ಟಲೆ ಫಿಟ್ಸ್ ಬಾರದಿದ್ದ ಮೇಲೆ, ವೈದ್ಯರೇ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ.

ಮುಂದಿನ ಸಲ ಬರುವಾಗ ಬೈಬಲ್ ತರಲು ಹೇಳಿದ್ದೆ. ಗುಣವಾಗುವ, ಕ್ಷೇಮವಾಗಿರುವ ಮಾತಿರುವ ಯೆಶಾಯ 53:5, 3 ಯೋಹಾನ 2, ನಂಬಿ ಬೇಡಿದ್ದು ಸಿಗುತ್ತದೆ ಎನ್ನುವ ಮಾರ್ಕ 11:24ಕ್ಕೆ ಕೆಂಪು ಪೆನ್ನಿನ ಗೆರೆ ಎರಡೆರಡು ಸಲ ಬಿದ್ದಿತ್ತು. ಹಿಂದಿನ ಮುಂದಿನ ಪುಟಗಳು ಮಾತ್ರ ಹೊಸದರ ಹಾಗೇ ಇದ್ದವು. ಈ ಕೂಟಗಳ ಓದಿನ ಕ್ರಮ ಬಹುತೇಕ ಹೀಗೆಯೇ: ಒಂದು ವಚನವನ್ನು ಅಧ್ಯಾಯದಿಂದ ಬಿಡಿಸಿಕೊಂಡು, 'ಇದು ನಿನಗೇ ಕೊಟ್ಟ ವಾಗ್ದಾನ' ಎಂದು ಕೈಗಿಡುವುದು. 3 ಯೋಹಾನ 2 ಗಾಯನೆಂಬ ಸ್ನೇಹಿತನಿಗೆ ಬರೆದ ಪತ್ರದ ಶುಭ ಹಾರೈಕೆ. ಎಲ್ಲರಿಗೂ ಆರೋಗ್ಯದ ಗ್ಯಾರಂಟಿ ಅದರಲ್ಲಿಲ್ಲ.

ನಾನು ಧರ್ಮಶಾಸ್ತ್ರ ಕಲಿತವಳಲ್ಲ. ಮಾರ್ಕ 9ನ್ನು 14ರಿಂದ 29ರವರೆಗೆ ಮೇರಿಯಿಂದಲೇ ಜೋರಾಗಿ ಓದಿಸಿದೆ, ಅಷ್ಟೆ. ಅಲ್ಲಿ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ನೆರವಾಗು ಎಂದು ಕೂಗಿಕೊಳ್ಳುತ್ತಾನೆ. ಆ ಅರೆಬರೆ ನಂಬಿಕೆಗೇ ಮಗ ಗುಣವಾಗುತ್ತಾನೆ. ಇದೇ ಕಥೆ ಮತ್ತಾಯ 17ರಲ್ಲೂ ಇದೆ. 'ನಿಮ್ಮ ನಂಬಿಕೆ ಕಡಿಮೆ' ಎಂಬ ಮಾತು ಅಲ್ಲಿ ಬೀಳುವುದು ವಾಸಿಮಾಡಲು ಹೋಗಿ ಸೋತ ಶಿಷ್ಯರ ಮೇಲೆ. ಹೆತ್ತವರ ಮೇಲಲ್ಲ, ಮಗುವಿನ ಮೇಲೂ ಅಲ್ಲ. ಮೇರಿ ಆ ಸಾಲನ್ನು ಎರಡು ಸಲ ಓದಿ, "ಹಾಗಾದ್ರೆ ನನಗ್ಯಾಕೆ ಅಂದ್ರು?" ಅಂದರು. ಮತ್ತಾಯ 4:24 ತೋರಿಸಿದೆ. ದೆವ್ವ ಹಿಡಿದವರು, ಮೂರ್ಛೆರೋಗದವರು ಅಂತ ಬೇರೆ ಬೇರೆಯಾಗಿಯೇ ಬರೆದಿದೆ. ಶಿಷ್ಯ ತಿಮೊಥೆಯನ ಹೊಟ್ಟೆನೋವಿಗೆ ಅಪೊಸ್ತಲ ಪೌಲ ಹೇಳಿದ್ದು ಸ್ವಲ್ಪ ದ್ರಾಕ್ಷಾರಸ. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಎಂಬ ಊರಲ್ಲಿ ಬಿಟ್ಟುಬಂದ. ಕ್ಯಾಥೊಲಿಕ್ ಬೈಬಲಿನ ಸಿರಾಖನ ಗ್ರಂಥದ 38ನೇ ಅಧ್ಯಾಯವಂತೂ ಪ್ರಾರ್ಥಿಸು, ವೈದ್ಯನಿಗೂ ಜಾಗ ಕೊಡು ಎಂದು ಎರಡನ್ನೂ ಒಟ್ಟಿಗೇ ಹೇಳುತ್ತದೆ.

ಇಂಥ ಕೂಟಗಳ ಬೇರಿರುವ ಪೆಂತೆಕೋಸ್ತರೆಲ್ಲ (ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಕ್ರೈಸ್ತರು) ಹೀಗೇ ಎಂದರೆ ತಪ್ಪು. 1906ರಲ್ಲಿ ಲಾಸ್ ಏಂಜಲೀಸಿನ ಅಝೂಸಾ ಬೀದಿಯಲ್ಲಿ ಭುಗಿಲೆದ್ದ ಪೆಂತೆಕೋಸ್ತ ಉಜ್ಜೀವನ, 1967ರಿಂದ ಕ್ಯಾಥೊಲಿಕರೊಳಗೂ ಹರಡಿತು. 'ಬಾಯಲ್ಲಿ ಅಂದದ್ದು ಆಗಿಯೇ ತೀರುತ್ತದೆ' ಎನ್ನುವುದು ಕೆನ್ಯನ್, ಹೇಗಿನ್ ಎಂಬ ಅಮೆರಿಕದ ಬೋಧಕರ ಮೂಲಕ ಬಂದ ಬೇರೆಯದೇ ಕವಲು. ಪೆಂತೆಕೋಸ್ತ ವಿದ್ವಾಂಸರೇ ಆಗಿದ್ದ ಗಾರ್ಡನ್ ಫೀ ಅದನ್ನು ಖಾರವಾಗಿಯೇ ಟೀಕಿಸಿದ್ದಾರೆ.

ಕೂಟ ಬಿಡಿ ಅಂತ ನಾನು ಹೇಳಲಿಲ್ಲ. ನೆಂಟರೆಲ್ಲ ಹುಡುಗನಿಗೆ 'ಗಾಳಿ' ಅಂದು ದೂರ ಸರಿದಾಗ ಮನೆಗೆ ಬಂದು ಕೈ ಹಿಡಿದವರು ಆ ಕೂಟದ ಹೆಂಗಸರೇ. ಹೇಳಿದ್ದು ಇಷ್ಟು: ಪ್ರಾರ್ಥನೆಗೆ ಹೋಗಿ, ಮಾತ್ರೆಯ ಹೊತ್ತು ತಪ್ಪಿಸಬೇಡಿ. ಯಾರಾದರೂ ದೇವರೇ ನುಡಿಸಿದ್ದೆಂದು ಪ್ರವಾದನೆ ಹೇಳಿದರೆ 1 ಕೊರಿಂಥ 14:29 ತೆಗೆದು ತೋರಿಸಿ. ಒಬ್ಬರು ಹೇಳಿದ್ದನ್ನು ಉಳಿದವರು ತೂಗಿ ನೋಡಬೇಕು ಎಂದು ಅಲ್ಲೇ ಇದೆ. ಔಷಧಿ ಬಿಡಿ ಎನ್ನುವವರು ವೈದ್ಯರ ಎದುರಿಗೇ ಬಂದು ಹೇಳಲಿ. ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ ಸೀದಾ ಆಸ್ಪತ್ರೆಗೆ.

ಹುಡುಗನನ್ನು ಒಬ್ಬನನ್ನೇ ಕೂರಿಸಿ ಮಾತಾಡಿದೆ. ತನ್ನೊಳಗೆ ಏನೋ ಇದೆ ಎಂದು ಅವನು ರಾತ್ರಿ ದೀಪ ಆರಿಸುತ್ತಲೇ ಇರಲಿಲ್ಲ. ಅದು ಬೇಗ ಹೋಗುವ ಭಯವಲ್ಲ, ಅವನು ಇನ್ನೂ ಬರುತ್ತಿದ್ದಾನೆ. ಮಾತ್ರೆ ಮತ್ತೆ ಶುರುವಾಗಿದೆ. ಮೇರಿಯ ಗಂಡ ಮಾತ್ರ ಕೂಟದ ಹೆಸರೆತ್ತಿದರೆ ರೇಗುತ್ತಾರೆ; ಮುಂದಿನ ಸಲ ಅವರನ್ನೂ ಕರೆತರಲು ಹೇಳಿದ್ದೇನೆ.