ಮ್ಯಾಕ್ಸಿಮಿಲಿಯನ್ ಶೆಲ್ ಎಲ್ಲಿಯವರು, ಯಾವ ಚಿತ್ರದಿಂದ ಶುರು ಮಾಡಬೇಕು?
ನಟ, ನಿರ್ದೇಶಕ ಶೆಲ್ ಆಸ್ಟ್ರಿಯದವರೋ ಸ್ವಿಟ್ಜರ್ಲೆಂಡಿನವರೋ, ಅವರ ಚಿತ್ರಗಳಲ್ಲಿ ಮೊದಲು ಏನು ನೋಡಲಿ ಅಂತ ಕೇಳಿದ್ದೀರಿ. ಹುಟ್ಟಿದ್ದು ವಿಯೆನ್ನಾದಲ್ಲಿ, 1930ರ ಡಿಸೆಂಬರ್ 8ರಂದು. 1938ರಲ್ಲಿ ಹಿಟ್ಲರ್ ಆಸ್ಟ್ರಿಯವನ್ನು ಜರ್ಮನಿಗೆ ಸೇರಿಸಿಕೊಂಡಾಗ ಕುಟುಂಬ ಜ್ಯೂರಿಕ್‌ಗೆ ಹೋಯಿತು. ಹಾಗಾಗಿ ಎರಡೂ ದೇಶದವರು ನಮ್ಮವನೇ ಅನ್ನುತ್ತಾರೆ. ನಟಿ ಮರಿಯಾ ಶೆಲ್ ಇವರ ಅಕ್ಕ.

ಶುರು ಮಾಡುವುದಾದರೆ ‘ಜಡ್ಜ್‌ಮೆಂಟ್ ಅಟ್ ನ್ಯೂರೆಂಬರ್ಗ್’ (1961). ನಾಜಿ ನ್ಯಾಯಾಧೀಶರ ಪರ ವಾದಿಸುವ ವಕೀಲ ಹಾನ್ಸ್ ರೋಲ್ಫ್ ಪಾತ್ರಕ್ಕೆ ಶ್ರೇಷ್ಠ ನಟ ಆಸ್ಕರ್ ಬಂತು; ಅದೇ ಚಿತ್ರದ ಸ್ಪೆನ್ಸರ್ ಟ್ರೇಸಿಯೂ ಕಣದಲ್ಲಿದ್ದರು. 1959ರ ಟಿವಿ ನಾಟಕದಲ್ಲೂ ಇದೇ ಪಾತ್ರ ಮಾಡಿದ್ದರು, ಹುಡುಕುವಾಗ ಎರಡನ್ನೂ ಬೆರೆಸಿಕೊಳ್ಳಬೇಡಿ. ಸುಮಾರು ಮೂರು ಗಂಟೆಯ ಚಿತ್ರ. ಡಬ್ ಆದದ್ದು ಬೇಡವೇ ಬೇಡ: ರೋಲ್ಫ್ ಜರ್ಮನ್‌ನಲ್ಲಿ ವಾದ ಆರಂಭಿಸುತ್ತಾನೆ, ಎಲ್ಲರ ಕಿವಿಯಲ್ಲೂ ಅನುವಾದದ ಹೆಡ್‌ಫೋನ್, ಕ್ಯಾಮೆರಾ ಅವನ ಮುಖಕ್ಕೆ ನುಗ್ಗುತ್ತಿದ್ದಂತೆ ಮಾತು ಇಂಗ್ಲಿಷ್‌ಗೆ ಹೊರಳುತ್ತದೆ. ಡಬ್‌ನಲ್ಲಿ ಆ ತಿರುವೇ ಸತ್ತುಹೋಗುತ್ತದೆ. ಸಾಕ್ಷಿಗಳನ್ನು ಅವನು ಪ್ರಶ್ನಿಸುವ ರೀತಿಯನ್ನು ಗಮನಿಸಿ: ವಿನಯದಿಂದ ಶುರುವಾಗಿ ನಿರ್ದಯವಾಗುತ್ತದೆ.

ಆಮೇಲೆ ಅವರೇ ನಿರ್ದೇಶಿಸಿದ ‘ಮಾರ್ಲೀನ್’ (1984) ನೋಡಿ. ನ್ಯೂರೆಂಬರ್ಗ್ ಚಿತ್ರದ ಸಹನಟಿ ಮಾರ್ಲೀನ್ ಡೀಟ್ರಿಚ್ ಕುರಿತ ಸಾಕ್ಷ್ಯಚಿತ್ರ. ಕ್ಯಾಮೆರಾ ಮುಂದೆ ಬರಲು ಆಕೆ ಒಪ್ಪಲಿಲ್ಲ, ಧ್ವನಿ ಮಾತ್ರ ಕೊಟ್ಟರು. ಶೆಲ್ ಆ ನಿರಾಕರಣೆಯನ್ನೇ ಚಿತ್ರದ ಬೆನ್ನೆಲುಬಾಗಿಸಿದರು. ನನ್ನ ಪ್ರಕಾರ ನಿರ್ದೇಶಕರಾಗಿ ಅವರ ಅತ್ಯುತ್ತಮ ಕೆಲಸ ಅದು.

ರಂಗಭೂಮಿಯನ್ನು ಅವರು ಯಾವತ್ತೂ ಬಿಡಲಿಲ್ಲ. ಹ್ಯಾಮ್ಲೆಟ್ ಆಡಿದರು, 1978ರಿಂದ 1982ರವರೆಗೆ ಸಾಲ್ಜ್‌ಬರ್ಗ್ ಉತ್ಸವದಲ್ಲಿ ‘ಯೇಡರ್‌ಮಾನ್’ ನಾಟಕದ ಮುಖ್ಯಪಾತ್ರ ಅವರದೇ. ತೀರಿಕೊಂಡದ್ದು 2014ರ ಫೆಬ್ರವರಿ 1ರಂದು, ಇನ್ಸ್‌ಬ್ರುಕ್‌ನಲ್ಲಿ.