ರುಮಟಾಯ್ಡ್ ಸಂಧಿವಾತವಿರುವವರು ಕುತ್ತಿಗೆ ನೋವಿಗೆ ಆಸ್ಟಿಯೋಪಥಿ ಮಾಡಿಸಬಹುದೇ?

ರುಮಟಾಯ್ಡ್ ಸಂಧಿವಾತವಿರುವ ನಿಮ್ಮ ತಾಯಿಯ ಕುತ್ತಿಗೆ ನೋವಿಗೆ ಆಸ್ಟಿಯೋಪಥಿ, ಅಂದರೆ ಸ್ನಾಯು ಮತ್ತು ಕೀಲುಗಳನ್ನು ಕೈಯಿಂದಲೇ ಒತ್ತಿ, ಹಿಗ್ಗಿಸಿ, ತಿರುವಿ ಮಾಡುವ ಚಿಕಿತ್ಸೆ ಆಗಬಹುದೇ ಎಂದು ಕೇಳಿದ್ದೀರಿ. ಕುತ್ತಿಗೆಯನ್ನು ಥಟ್ಟನೆ ತಿರುವಿ ಲಟಕ್ಕೆನಿಸುವ ವಿಧಾನವನ್ನಂತೂ ದಯವಿಟ್ಟು ಮಾಡಿಸಬೇಡಿ. ಕುತ್ತಿಗೆಯ ಎರಡನೆಯ ಮೂಳೆಯಿಂದ ಹಲ್ಲಿನಂತೆ ಮೇಲಕ್ಕೆ ಚಾಚಿಕೊಂಡಿರುವ ಭಾಗವನ್ನು ಮೊದಲನೆಯ ಮೂಳೆಗೆ ಬಿಗಿದು ಹಿಡಿದಿರುವ ಅಡ್ಡ ಅಸ್ಥಿರಜ್ಜು (ಲಿಗಮೆಂಟ್, ಮೂಳೆಗಳನ್ನು ಜೋಡಿಸುವ ಗಟ್ಟಿ ಪಟ್ಟಿ) ಈ ಕಾಯಿಲೆಯಲ್ಲಿ ಸಡಿಲವಾಗಿರಬಹುದು. ಆಗ ರಭಸದ ಒಂದೇ ತಿರುವು ಬೆನ್ನುಹುರಿಯನ್ನು ಅದುಮಿಬಿಡಬಲ್ಲದು. ಡೌನ್ ಸಿಂಡ್ರೋಮ್ ಇರುವವರಿಗೂ ಇದೇ ಅಪಾಯವಿದೆ.

ಆದರೆ 1874ರಲ್ಲಿ ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಆರಂಭಿಸಿದ ಈ ಪದ್ಧತಿ ಮೂಳೆ ತಿರುವುವುದಕ್ಕಷ್ಟೇ ಸೀಮಿತವಲ್ಲ. ಸ್ನಾಯುಶಕ್ತಿ ವಿಧಾನದಲ್ಲಿ ರೋಗಿಯು ಚಿಕಿತ್ಸಕರ ಅಂಗೈಗೆ ವಿರುದ್ಧವಾಗಿ 3ರಿಂದ 5 ಸೆಕೆಂಡು ಹಗುರವಾಗಿ ಒತ್ತಿ, ಬಿಗಿ ಬಿಟ್ಟ ಮೇಲೆ, ಸ್ನಾಯುವನ್ನು ನಿಧಾನವಾಗಿ ಇನ್ನಷ್ಟು ಹಿಗ್ಗಿಸಲಾಗುತ್ತದೆ. ಬೇರೆ ತೊಂದರೆಯಿಲ್ಲದ ಸೊಂಟನೋವಿಗೆ ಇಂಥವು ಸಾಮಾನ್ಯವಾಗಿ ಸುರಕ್ಷಿತ. ಒಂದೆರಡು ದಿನ ಮೈಕೈ ನೋವು ಬರಬಹುದು, ಅಷ್ಟೆ. ನಿಮ್ಮ ತಾಯಿಯ ವಿಷಯದಲ್ಲಿ ಮಾತ್ರ, ಕತ್ತು ಬಗ್ಗಿಸಿ ಮತ್ತು ಹಿಂದಕ್ಕೆ ಚಾಚಿ ತೆಗೆದ ಎಕ್ಸ್‌ರೇಯನ್ನು ಸಂಧಿವಾತ ತಜ್ಞರು ನೋಡಿ ಒಪ್ಪುವವರೆಗೆ ಮೃದು ವಿಧಾನವೂ ಕುತ್ತಿಗೆಗೆ ಬೇಡವೆಂದೇ ನನ್ನ ಅಭಿಪ್ರಾಯ.

ಮೂಳೆ ಮುರಿತ, ತೀವ್ರವಾದ ಮೂಳೆ ಸವೆತ (ಆಸ್ಟಿಯೋಪೊರೋಸಿಸ್), ಮೂಳೆಗೆ ಹರಡಿದ ಕ್ಯಾನ್ಸರ್ ಅಥವಾ ಸೋಂಕು ಇದ್ದಾಗಲೂ, ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೂ ರಭಸದ ವಿಧಾನ ಸಲ್ಲದು. ಸೊಂಟನೋವಿನ ಜೊತೆ ಮೂತ್ರ ಕಟ್ಟಿದರೆ, ತೊಡೆಸಂದಿ ಮರಗಟ್ಟಿದರೆ, ಅಥವಾ ಹಠಾತ್ ಕುತ್ತಿಗೆ ನೋವಿನೊಂದಿಗೆ ತಲೆಸುತ್ತು ಬಂದು ಮಾತು ತೊದಲಿದರೆ ನೇರವಾಗಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.